ಹಾರ್ನ್ ಹೊಡೆದರೆ ಪೆಟ್ರೋಲ್ ಖಾಲಿ

ನನ್ನ ಬೈಕಿನಲ್ಲಿ ಹಾರ್ನ್ ಹೊಡೆದರೆ ಪೆಟ್ರೋಲ್ ಖಾಲಿ ಆಗುತ್ತದೆ. ಬೆರಳು ತೆಗೆದರೆ ಮತ್ತೆ ಅರ್ಧ ಟ್ಯಾಂಕ್. ಎಡಕ್ಕೆ ಇಂಡಿಕೇಟರ್ ಹಾಕಿದರಂತೂ ಮುಳ್ಳು ಅದರ ತಾಳಕ್ಕೆ ಸರಿಯಾಗಿ ಕುಣಿಯುತ್ತದೆ. ಅರ್ಧ, ಖಾಲಿ, ಅರ್ಧ, ಖಾಲಿ.

ನಿನ್ನೆ ಸಂಜೆ ನವಲೂರಿನ ಹತ್ತಿರ ಒಂದು ಎಮ್ಮೆಗೆ ಹಾರ್ನ್ ಹೊಡೆದೆ. ಎಮ್ಮೆ ಕದಲಲಿಲ್ಲ. ಮೀಟರ್ ಮಾತ್ರ ಪೂರ್ತಿ ಆರಿಹೋಯಿತು. ಮರುಕ್ಷಣ ತಾನೇ ಹತ್ತಿಕೊಂಡು, ಕೀ ತಿರುಗಿಸಿದಾಗ ಮಾಡುವ ಕಸರತ್ತನ್ನು ರಸ್ತೆ ನಡುವೆಯೇ ಮಾಡಿ ತೋರಿಸಿತು. ಸ್ಪೀಡಿನ ಮುಳ್ಳು ಸೊನ್ನೆಯಿಂದ ಎದ್ದು, ಕೊನೆಯ ಅಂಕಿವರೆಗೆ ಹೋಗಿ, ವಾಪಸ್ ಬಂದು ಕೂತಿತು. ನಾನು ಎಮ್ಮೆಯ ಹಿಂದೆ ಕಾಲೂರಿ ನಿಂತಿದ್ದೆ. ಮೀಟರಿನ ಪ್ರಕಾರ 140ರಲ್ಲಿ ಹೋಗುತ್ತಿದ್ದೆ.

"ಹಂಗಾರ ಹಾರ್ನ್ ಹೊಡೀಬ್ಯಾಡ್ರಿ" ಅಂತಾರೆ ಆಫೀಸಿನಲ್ಲಿ. ಧಾರವಾಡದ ಟೋಲ್ ನಾಕಾದಿಂದ ಹುಬ್ಬಳ್ಳಿಯ ಹೊಸೂರುವರೆಗೆ ಹಾರ್ನ್ ಮುಟ್ಟದೆ ಬಂದವರು ಯಾರಾದರೂ ಇದ್ದರೆ ಮುಂದೆ ಬನ್ನಿ, ಲೈನ್ ಬಜಾರಿನಿಂದ ಅರ್ಧ ಕೆಜಿ ಪೇಢೆ ನನ್ನ ಲೆಕ್ಕದಲ್ಲಿ. ಇನ್ನೊಬ್ಬರ ಸಲಹೆ, "ಸುಮ್ನ ಚಿಗರಿ ಬಸ್ಸಿಗೆ ಬರ್ರಿ." ಬರಬಹುದು. ಆದರೆ ಇಳಿದ ಮೇಲೆ ಸ್ಟಾಪಿನಿಂದ ಆಫೀಸಿಗೆ ಆಟೋದವರು ಕೇಳುವ ರೇಟು ನೋಡಿದರೆ, ಕುಣಿಯುವ ಮುಳ್ಳೇ ಎಷ್ಟೋ ವಾಸಿ ಅನಿಸುತ್ತದೆ.

ಕಂಪನಿ ಸರ್ವೀಸಿನವರ ಹತ್ತಿರವೂ ಹೋಗಿದ್ದೆ. ಎಸಿ ರೂಮು, ಕುಡಿಯಲು ನೀರು, ಕೊರಳಲ್ಲಿ ಟ್ಯಾಗ್ ಹಾಕಿಕೊಂಡ ಹುಡುಗ. ಗಾಡಿಗೆ ಒಂದು ವೈರ್ ಚುಚ್ಚಿ ಕಂಪ್ಯೂಟರ್ ನೋಡಿದ. "ಸರ್, ಕಂಪ್ಯೂಟರ್‌ನಲ್ಲಿ ಏನೂ ಫಾಲ್ಟ್ ತೋರಿಸ್ತಿಲ್ಲ. ಮೀಟರ್ ಅಸೆಂಬ್ಲಿ ಚೇಂಜ್ ಮಾಡಬೇಕು" ಅಂದ. ಫಾಲ್ಟ್ ಇಲ್ಲದಿದ್ದರೆ ಚೇಂಜ್ ಯಾಕೆ ಅಂತ ಕೇಳಿದೆ. ಅದಕ್ಕೆ ಅವನು ನಕ್ಕು ಎಸ್ಟಿಮೇಟ್ ಕೊಟ್ಟ.

ಹೀಗಾಗಿ ನಮ್ಮ ಎಲೆಕ್ಟ್ರಿಶಿಯನ್ನೇ ಗತಿ. ವಿದ್ಯಾನಗರದ ಹಿಂದಿನ ಒಂದು ಓಣಿಯಲ್ಲಿ ಅವರ ಅಂಗಡಿ. ವಯಸ್ಸಾದವರು, ಒಳ್ಳೆಯವರು. ಒಂದೇ ಒಂದು ಚಟ. ಯಾವ ಗಾಡಿ ಬರಲಿ, ಮೊದಲು ಬೆರಳು ಮಡಚಿ ಮೀಟರಿನ ಗಾಜಿನ ಮೇಲೆ ಟಕ್ ಟಕ್ ಅಂತ ಎರಡು ಸಲ ಬಡಿಯಬೇಕು. ಬಡಿದು, ತಲೆ ಓರೆ ಮಾಡಿ ಕಾಯುತ್ತಾರೆ, ಪರಿಚಯದ ಮನೆ ಬಾಗಿಲು ತಟ್ಟಿ, ಒಳಗಿನಿಂದ "ಬಂದೆ, ತಡೀರಿ" ಅನ್ನುವುದನ್ನು ಕಾಯುವವರ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, "ಹತ್ತತೈತಲ್ರಿ? ಮತ್ತೇನ್ ತ್ರಾಸ ನಿಮಗ?"

ಬ್ಯಾಟರಿಗೆ ಸ್ಪ್ಯಾನರಿನ ಹಿಡಿಯಿಂದ, ಫ್ಯೂಸ್ ಡಬ್ಬಿಗೆ ಉಗುರಿನಿಂದ, ಟ್ಯಾಂಕಿಗೆ ಅಂಗೈಯಿಂದ. ಯಾವುದಕ್ಕೆ ಯಾವ ಪೆಟ್ಟು ಅನ್ನುವ ಲೆಕ್ಕ ಪಕ್ಕಾ. ಒಮ್ಮೆ ಯಾರೋ ಪಾಪ, ಉಣಕಲ್ ಕೆರೆಗೆ ದಾರಿ ಕೇಳಲು ಸ್ಕೂಟರ್ ನಿಲ್ಲಿಸಿದ್ದರು. ಇವರು ಎಡಗೈಯಲ್ಲಿ ದಾರಿ ತೋರಿಸುತ್ತಾ ಬಲಗೈಯಲ್ಲಿ ಅವರ ಮೀಟರಿಗೆ ಟಕ್ ಟಕ್ ಮಾಡಿ, "ನಿಮ್ದು ಚಲೋ ಐತ್ರಿ, ಹೋಗ್ರಿ" ಅಂದು ಕಳಿಸಿದರು. ನನ್ನ ಹೆಲ್ಮೆಟ್ಟಿಗೂ ಒಮ್ಮೆ ಬಿದ್ದಿದೆ. ಹೆಲ್ಮೆಟ್ ತಲೆಯ ಮೇಲೆಯೇ ಇತ್ತು.

ಸಿಟ್ಟು ಬರುವುದು ಬಡಿಯುವುದಕ್ಕಲ್ಲ. ಅವರು ಬಡಿದಾಗ ಎಲ್ಲಾ ಸರಿ ಇರುತ್ತದಲ್ಲ, ಅದಕ್ಕೆ. ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಗಾಡಿ, ಹಾರ್ನಿಲ್ಲ, ಬ್ರೇಕಿಲ್ಲ. ಮುಳ್ಳು ಸಭ್ಯಸ್ಥನಾಗಿ ಅರ್ಧಕ್ಕೆ ನಿಂತಿರುತ್ತದೆ. ನಾನು ಸುಳ್ಳು ಹೇಳಲು ಧಾರವಾಡದಿಂದ ಬಂದವನಾಗುತ್ತೇನೆ.

ನ್ಯಾಯವಾಗಿ ಹೇಳಬೇಕೆಂದರೆ ಬಡಿಯುವುದರಲ್ಲೂ ಅರ್ಥವಿದೆ. ಬಡಿದಾಗ ದೀಪ ಮಿಣುಕಿದರೆ ಒಳಗೆ ಬೆಸುಗೆ ಬಿಟ್ಟಿದೆ, ಇಲ್ಲವೇ ವೈರುಗಳನ್ನು ಜೋಡಿಸುವ ಕಪ್ಲರ್ ಸಡಿಲ. ಹ್ಯಾಂಡಲ್ ತಿರುಗಿಸಿದಾಗ ಆರಿದರೆ, ಹ್ಯಾಂಡಲಿನ ಬುಡದಲ್ಲಿ ಮಡಚಿ ಮಡಚಿ ವೈರ್ ಒಳಗೇ ಕಡಿದಿದೆ. ನನ್ನದು ಎರಡೂ ಅಲ್ಲ. ಹಾರ್ನು, ಬ್ರೇಕ್ ಲೈಟು, ಇಂಡಿಕೇಟರು, ಹೀಗೆ ಏನಾದರೂ ಕರೆಂಟ್ ಎಳೆದಾಗ ಮಾತ್ರ ಆಗುವುದು. ಅಂದರೆ ಮೀಟರ್ ಪಾಪದ್ದು, ಅರ್ಥಿಂಗ್ ಕೆಟ್ಟಿದೆ. ಪೆಟ್ರೋಲ್ ಅಳೆಯಲು ಟ್ಯಾಂಕಿನೊಳಗೆ ತೇಲುವ ಫ್ಲೋಟಿಗೂ, ಹಾರ್ನಿಗೂ, ಇಂಡಿಕೇಟರಿಗೂ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ ನನ್ನ ಗಾಡಿಯಲ್ಲಿ ಒಂದೇ ಕಪ್ಪು-ಹಳದಿ ವೈರ್. ಆ ವೈರಿನ ಕೊನೆ ಸಡಿಲಾದರೆ ಎಲ್ಲರೂ ಒಂದೇ ಇಕ್ಕಟ್ಟಿನಲ್ಲಿ ನುಗ್ಗಬೇಕು. ಒಬ್ಬರು ಜಾಸ್ತಿ ಎಳೆದರೆ ಉಳಿದವರ ಲೆಕ್ಕ ತಪ್ಪುತ್ತದೆ. ಇದನ್ನು ಹೇಳಿದ್ದಕ್ಕೆ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯೂಟ್ಯೂಬ್ ನೋಡೀರೇನ್ರಿ?" ಅಂದರು. ಆ ಧ್ವನಿಯಲ್ಲಿ ಯಾರಾದರೂ "ಕುಡಿದೀರೇನ್ರಿ?" ಅಂದಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ.

ಅಪ್ಪನ ಗಾಡಿಯ ಮೀಟರಿನಲ್ಲಿ ಕೆಡುವಂಥದ್ದೇನೂ ಇರಲಿಲ್ಲ. ಗಾಲಿಯಿಂದ ಒಂದು ಕೇಬಲ್ ಬಂದು ಮುಳ್ಳು ಎತ್ತುತ್ತಿತ್ತು. ಕೇಬಲ್ ಕಡಿದರೆ ಮುಳ್ಳು ಮಲಗುತ್ತಿತ್ತು, ಅಷ್ಟೇ. ಪೆಟ್ರೋಲ್ ನೋಡಬೇಕೆಂದರೆ ಟ್ಯಾಂಕಿನ ಮುಚ್ಚಳ ತೆಗೆದು, ಗಾಡಿಯನ್ನು ಎರಡು ಕಾಲಿನ ನಡುವೆ ಅಲ್ಲಾಡಿಸಿ, ಅಪ್ಪ ಕಿವಿಗೊಟ್ಟು ಕೇಳುತ್ತಿದ್ದರು. "ಗದಗ ಮುಟ್ಟತೈತಿ" ಅಂದರೆ ಮುಟ್ಟುತ್ತಿತ್ತು. ಅಣ್ಣಿಗೇರಿ ದಾಟಿ ಗಾಡಿ ಕೆಮ್ಮಿದರೆ, ರಸ್ತೆಯಿಂದ ಕಣ್ಣು ತೆಗೆಯದೆ ಎಡಗೈ ಕೆಳಗೆ ಬಿಟ್ಟು ಕಾಕ್ ರಿಸರ್ವಿಗೆ ತಿರುಗಿಸುವರು. ಹಿಂದೆ ಕೂತ ನನಗೆ ಅವರ ಭುಜ ಒಂಚೂರು ಬಾಗಿದ್ದಷ್ಟೇ ಗೊತ್ತಾಗುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಅನ್ನುವ ಹೊಗೆ ನಿಯಮ ಬಂದು ಕಾರ್ಬುರೇಟರಿನ ಕಾಲ ಬಹುತೇಕ ಮುಗಿಯಿತು. ನನ್ನ ಗಾಡಿಯಲ್ಲಿ ಆ ಕಾಕೂ ಇಲ್ಲ. ಈಗ ನಂಬಲು ಇರುವುದು ಈ ಮುಳ್ಳೊಂದೇ. ಅಪ್ಪನಿಗೆ ಈಗ ಗಾಡಿ ಹೊಡೆಯಲು ಆಗುವುದಿಲ್ಲ. ಮುಳ್ಳಿನ ಕಥೆ ಹೇಳಿದರೆ, "ಅಲ್ಲಾಡಿಸಿ ನೋಡಬೇಕಿಲ್ಲ?" ಅಂದರು.

ಇವತ್ತು ಬೆಳಿಗ್ಗೆ ಹೋದಾಗ ನನ್ನ ಪುಣ್ಯಕ್ಕೆ ಹಿರಿಯರು ಚಹಾಕ್ಕೆ ಹೋಗಿದ್ದರು. ಅಂಗಡಿಯಲ್ಲಿ ಸಹಾಯಕ್ಕಿರುವ ಹುಡುಗ ಒಬ್ಬನೇ. ನಾನು ಹೇಳಿದ್ದನ್ನು ಪೂರ್ತಿ ಕೇಳಿದ. ಬಡಿಯಲಿಲ್ಲ. ಮಲ್ಟಿಮೀಟರ್ ತೆಗೆದ. ಬ್ಯಾಟರಿ 12.6 ವೋಲ್ಟ್, ಗಾಡಿ ಚಾಲೂ ಮಾಡಿದರೆ 14ರ ಮೇಲೆ. ಚಾರ್ಜಿಂಗ್ ಸರಿ ಇದೆ. ಆಮೇಲೆ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಮೀಟರಿನ ಅರ್ಥಿಂಗ್ ವೈರಿಗೆ ಇಟ್ಟು, "ಹಾರ್ನ್ ಹೊಡೀರಿ" ಅಂದ. ಸೊನ್ನೆಯ ಆಸುಪಾಸು ಇರಬೇಕಾದದ್ದು 2 ವೋಲ್ಟ್ ದಾಟಿತು. ನಾನು ಬೇಕೆಂದೇ ಇನ್ನೊಮ್ಮೆ ಹೊಡೆದೆ. ಇಷ್ಟು ದಿನ ಯಾರೂ ನಂಬದಿದ್ದದ್ದು ಅಂಕಿಯಲ್ಲಿ ಕಾಣುತ್ತಿತ್ತು, ಬಿಡೋದು ಹೇಗೆ?

ಸೀಟು ತೆಗೆದ, ಟ್ಯಾಂಕ್ ಎತ್ತಿದ. ಒಳಗೆ ಶೇಂಗಾ ಸಿಪ್ಪೆ. ನಮ್ಮ ಮನೆಯ ಇಲಿ ಅಲ್ಲಿ ಕೂತು ಉಂಡಿತ್ತು, ಪುಣ್ಯಕ್ಕೆ ವೈರ್ ರುಚಿ ನೋಡಿರಲಿಲ್ಲ. ಸಿಪ್ಪೆ ಸರಿಸಿದರೆ ಕೆಳಗೆ ಚಾಸಿಗೆ ಬಿಗಿದ 10 ನಂಬರಿನ ಬೋಲ್ಟು, ಅದರಡಿ ಉಂಗುರದಂಥ ಥಿಂಬಲ್, ಅದರ ಸುತ್ತ ಹಸಿರು ಕಿಲುಬು. ಧಾರವಾಡದ ಮಳೆ ಸದ್ದಿಲ್ಲದೆ ಅಲ್ಲಿಯವರೆಗೆ ತಲುಪಿತ್ತು. ಬೋಲ್ಟು ಬೆರಳಲ್ಲೇ ತಿರುಗಿತು. ಹುಡುಗ ಬ್ಯಾಟರಿಯ ವೈರ್ ಬಿಚ್ಚಿ, ಥಿಂಬಲ್ಲನ್ನೂ ಚಾಸಿಯನ್ನೂ ಮರಳು ಕಾಗದದಿಂದ ತಾಮ್ರ, ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಒಂಚೂರು ವ್ಯಾಸಲಿನ್ ಹಚ್ಚಿದ. ಹಾರ್ನ್ ಹೊಡೆದೆ. ಮುಳ್ಳು ಅಲುಗಲಿಲ್ಲ. ಎಡ ಇಂಡಿಕೇಟರ್ ಹಾಕಿದೆ. ಅಲುಗಲಿಲ್ಲ.

ಅಷ್ಟರಲ್ಲಿ ಹಿರಿಯರು ಬಂದರು. ಟಕ್ ಟಕ್. ತಲೆ ಓರೆ. "ಆತ್ ನೋಡ್ರಿ, ನಾ ಮೊದ್ಲ ಹೇಳಿದ್ನಿಲ್ಲ? ಮೀಟರ್‌ನ್ಯಾಗ ಏನೂ ಇಲ್ಲಂತ." ಹೇಳಿದ್ದು ನಿಜ, ಏನು ಮಾಡೋದು. 200 ರೂಪಾಯಿ ಅವರೇ ಇಸಕೊಂಡರು. ಹುಡುಗ ಅಷ್ಟೊತ್ತಿಗೆ ಇನ್ನೊಂದು ಗಾಡಿಯ ಸೀಟು ಬಿಚ್ಚುತ್ತಿದ್ದ.

ಹೊರಡುವಾಗ ನೋಡಿದರೆ ಮೀಟರಿನ ಗಡಿಯಾರ 12:00 ಅಂತ ಮಿಣುಕುತ್ತಿದೆ. ಬ್ಯಾಟರಿ ಬಿಚ್ಚಿದ್ದಕ್ಕೆ. ಅದನ್ನು ಹೊಂದಿಸಲು ಯಾವ ಎರಡು ಗುಂಡಿ ಒಟ್ಟಿಗೆ ಒತ್ತಬೇಕೋ ಕೇಳಿದೆ. ಹಿರಿಯರು ಬೆರಳು ಮಡಚಿದರು. ನಾನು ಗಾಡಿ ಹಿಂದೆ ಎಳೆದುಕೊಂಡೆ.

"ಟೈಮ್ ಮೊಬೈಲ್‌ನ್ಯಾಗ ನೋಡ್ರಿ" ಅಂದರು.