ಕೊಲೆ ಮಾಡುವಾಗ ಯಾರಾದ್ರೂ ಹಾಡ್ತಾರೇನ್ರೀ?

ನಿನ್ನೆ ರಾತ್ರಿಯಿಂದ ಈ ಒಂದು ಪ್ರಶ್ನೆ ತಲೆ ಕೊರೀತಾ ಇದೆ. ಕೇಳಿದವರು ಸಣ್ಣಪುಟ್ಟವರಲ್ಲ. ಓದಿಕೊಂಡವರು, ಸಭೆ ಅಂದ್ರೆ ಮುಂದಿನ ಸಾಲಲ್ಲೇ ಕೂರೋರು. ಕೇಳಿ ನಕ್ಕರು. ಸುತ್ತ ಇದ್ದವರೂ ನಕ್ಕರು. ನನಗೆ ಮಾತ್ರ ಮೈಯೆಲ್ಲಾ ಉರಿಯಿತು.

ನಮ್ಮ ಗೆಳೆಯರ ಬಳಗ ಆಗಾಗ ಸಿನಿಮಾ ತೋರಿಸೋದು ನಿಮಗೆ ಗೊತ್ತಲ್ಲ. ಅದೇ ಬಾಡಿಗೆ ಪ್ರೊಜೆಕ್ಟರ್, ಅದೇ ಪ್ಲಾಸ್ಟಿಕ್ ಕುರ್ಚಿ, ಸಿನಿಮಾಕ್ಕಿಂತ ಜಾಸ್ತಿ ಸದ್ದು ಮಾಡೋ ಅದೇ ಕೂಲರ್. ಈ ಸಲ ನನ್ನ ಹಟಕ್ಕೆ 'ಸ್ವೀನಿ ಟಾಡ್' ಹಾಕಿದ್ದರು. ಟಿಮ್ ಬರ್ಟನ್ 2007ರಲ್ಲಿ ಮಾಡಿದ್ದು. ಅದಕ್ಕೂ ಮೊದಲು ಅದು ನಾಟಕ. 1979ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗದ ಮೇಲೆ ಬಂದಿತ್ತು, ಸಂಗೀತ ಮತ್ತು ಹಾಡು ಸ್ಟೀಫನ್ ಸಾಂಡ್‌ಹೈಮ್ ಅವರದು. ಬಾಯಿ ಬಿಟ್ಟರೆ ಹಾಡು ಅನ್ನೋ ಥರದ ನಾಟಕ. ಕತೆ ಒಬ್ಬ ಕ್ಷೌರಿಕನದು. ಲಂಡನ್ನಿನ ಒಬ್ಬ ಜಡ್ಜ್ ಇವನ ಹೆಂಡತಿ ಮೇಲೆ ಕಣ್ಣು ಹಾಕಿ, ಸುಳ್ಳು ಕೇಸು ಹಾಕಿಸಿ, ಇವನನ್ನ ಆಸ್ಟ್ರೇಲಿಯಾಕ್ಕೆ ಗಡಿಪಾರು ಮಾಡಿಸ್ತಾನೆ. ಹದಿನೈದು ವರ್ಷ ಕಳೆದು ವಾಪಸ್ ಬರ್ತಾನೆ. ಹೆಂಡತಿ ವಿಷ ಕುಡಿದಳು ಅಂತ ಗೊತ್ತಾಗುತ್ತೆ. ಮಗಳು ಅದೇ ಜಡ್ಜ್ ಮನೆಯಲ್ಲಿ ಬೀಗದೊಳಗೆ ಬೆಳೀತಿದ್ದಾಳೆ. ಆಮೇಲೆ ಕತ್ತಿ. ಕೆಳಗಡೆ ಮಿಸೆಸ್ ಲವೆಟ್ ಅನ್ನೋಳ ಕಡುಬಿನ ಅಂಗಡಿ. ಮೇಲೆ ಕುತ್ತಿಗೆ ಕೊಯ್ಯೋದು, ಕೆಳಗೆ ಅದೇ ಮಾಂಸ ಹೂರಣ. ಇಡೀ ಸಿನಿಮಾ ಬೂದಿ ಬಣ್ಣ. ರಕ್ತ ಮಾತ್ರ ಕೆಂಪು, ಕಾರಂಜಿ ಹಾಗೆ ಚಿಮ್ಮುತ್ತೆ.

ರಕ್ತ ಜಾಸ್ತಿ ಅಂತ ಎದ್ದು ಹೋದವರ ಮೇಲೆ ನನಗೆ ಸಿಟ್ಟಿಲ್ಲ. ಹೊಟ್ಟೆ ತೊಳೆಸುತ್ತೆ ಅಂದ್ರೆ ತೊಳೆಸುತ್ತೆ, ಅದಕ್ಕೆ ವಾದ ಇಲ್ಲ. ಅಮೆರಿಕದಲ್ಲೂ ಹದಿನೇಳು ತುಂಬದವರು ದೊಡ್ಡವರ ಜೊತೆಗೇ ಬರಬೇಕು ಅಂತ ಆರ್ ಸರ್ಟಿಫಿಕೇಟ್ ಕೊಟ್ಟಿದ್ದರು. ನನ್ನ ಸಿಟ್ಟು ಕೂತು ನಕ್ಕವರ ಮೇಲೆ. ಅದೂ ಹಾಡಿಗೆ ನಕ್ಕವರ ಮೇಲೆ.

ಈ ಸಿನಿಮಾ ಬಂದಾಗ ಬ್ರಿಟನ್ನಿನಲ್ಲೂ ಜನ ಥಿಯೇಟರಿಂದ ಎದ್ದು ಹೋಗಿದ್ದರು. ಟ್ರೈಲರ್‌ನಲ್ಲಿ ಇದು ಹಾಡಿನ ಸಿನಿಮಾ ಅನ್ನೋ ಸುಳಿವೇ ಸರಿಯಾಗಿ ಇರಲಿಲ್ಲ, ಮೋಸ ಮಾಡಿದ್ರು ಅಂತ ಅಲ್ಲಿನ ಜಾಹೀರಾತು ನಿಗಾ ಸಂಸ್ಥೆ ತನಕ ದೂರು ಹೋಯಿತು. ಹೋಗಲಿ, ಅವರಿಗೊಂದು ನೆಪ ಇದೆ. ಭೂತ ಬಂಗಲೆ ಸಿನಿಮಾ ಅಂತ ದುಡ್ಡು ಕೊಟ್ಟು ಹೋದರು, ಒಳಗೆ ಕ್ಷೌರಿಕನಾಗಿ ಜಾನಿ ಡೆಪ್ ಹಾಡ್ತಾ ಕೂತಿದ್ದ. ನಮಗೆ ಯಾವ ನೆಪ? ಹುಟ್ಟಿದಾಗಿಂದ ಹಾಡಿಲ್ಲದ ಸಿನಿಮಾ ನೋಡಿದ್ದೇವಾ? ಲಾಂಗು ಹಿಡಿದು ಹತ್ತು ಜನರನ್ನ ಕಡಿದು ಬಂದ ಹೀರೊ ಮುಂದಿನ ನಿಮಿಷ ಹಿಮದ ಬೆಟ್ಟದ ಮೇಲೆ ತೆಳ್ಳನೆ ಅಂಗಿ ಹಾಕಿಕೊಂಡು ಕುಣೀತಾನೆ. ಹಿಂದೆ ಇಪ್ಪತ್ತು ಜನ ಬಿಳಿಯರು. ಅವಾಗ ಯಾವನಾದರೂ ಎದ್ದು ನಿಂತು "ಹಿಂಗೆಲ್ಲಾ ಯಾರಾದ್ರೂ ಹಾಡ್ತಾರೇನ್ರೀ" ಅಂತ ಕೇಳಿದ್ದುಂಟಾ? ಶಿಳ್ಳೆ ಹೊಡೀತೀವಿ. ಮೊಬೈಲ್ ಲೈಟ್ ಹಾಕ್ತೀವಿ.

ನಮಗೆ ಬೇಕಾಗಿರೋ ಹಾಡು ಬೇರೆ ಅನ್ಸುತ್ತೆ. ಕತೆ ನಿಲ್ಲಬೇಕು, ಹಾಡು ಬರಬೇಕು, ಆ ಹೊತ್ತಿಗೆ ಹೊರಗೆ ಹೋಗಿ ಒಂದು ಬೀಡಿ ಸೇದಿ ಬರಬೇಕು. ಹಾಡೇ ಕತೆ ಆಗಿಬಿಟ್ಟರೆ ಬೀಡಿ ಸೇದೋದು ಯಾವಾಗ, ಅಲ್ವಾ?

ಒಂದು ದೃಶ್ಯ ಹೇಳ್ತೀನಿ. (ಕತೆ ಬಿಟ್ಟುಕೊಡ್ತೀಯಾ ಅಂತ ಬೈಬೇಡಿ. 2007ರ ಸಿನಿಮಾ, 1979ರ ನಾಟಕ. ಮೂಲ ಕತೆ ಲಂಡನ್ನಿನ ಅಗ್ಗದ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿದ್ದು 1846ರಲ್ಲಿ. ಇನ್ನೂ ಎಷ್ಟು ದಿನ ಕಾಯೋದು?) ಆ ಜಡ್ಜ್ ತಾನೇ ಬಂದು ಕ್ಷೌರದ ಕುರ್ಚಿಯಲ್ಲಿ ಕೂರ್ತಾನೆ. ಅಲನ್ ರಿಕ್‌ಮನ್ ಮಾಡಿದ ಪಾತ್ರ. ತಲೆ ಹಿಂದಕ್ಕೆ ಚಾಚಿ, ಕಣ್ಣು ಮುಚ್ಚಿ, ಗಂಟಲು ತೆರೆದು ಕೂತಿದ್ದಾನೆ. ಯಾರ ಕೈಗೆ ಕುತ್ತಿಗೆ ಕೊಟ್ಟಿದ್ದೀನಿ ಅಂತ ಅವನಿಗೆ ಗೊತ್ತಿಲ್ಲ. ಇವನು ಬುರುಗು ಹಚ್ಚುತ್ತಾನೆ. ಕತ್ತಿ ಗಂಟಲ ಮೇಲೆ ಮೆಲ್ಲಗೆ ಜಾರುತ್ತೆ. ಕೊಯ್ಯಲ್ಲ. ಇಬ್ಬರೂ ಸೇರಿ ಹೆಣ್ಣಿನ ಚೆಲುವಿನ ಮೇಲೆ ಒಂದು ಹಾಡು ಹೇಳ್ತಾರೆ. ಎರಡು ದನಿ ಒಂದಕ್ಕೊಂದು ಎಷ್ಟು ಚೆಂದ ಹೊಂದುತ್ತೆ ಅಂದ್ರೆ, ಒಂದು ಕ್ಷಣ ಇಬ್ಬರೂ ಸ್ನೇಹಿತರು ಅನ್ನಿಸುತ್ತೆ. ಒಬ್ಬ ತಾನು ಹಾಳು ಮಾಡಿದ ಹೆಣ್ಣಿನ ಮಗಳನ್ನು ಮದುವೆಯಾಗೋ ಖುಷಿಯಲ್ಲಿ ಹಾಡ್ತಿದ್ದಾನೆ. ಇನ್ನೊಬ್ಬ ಅದೇ ಹೆಣ್ಣಿನ ಗಂಡ. ಕತ್ತಿ ಮೇಲೆ ಏಳುತ್ತೆ, ಇನ್ನೇನು ಮುಗೀತು ಅನ್ನುವಾಗ ಬಾಗಿಲು ದೂಡಿಕೊಂಡು ಒಬ್ಬ ಹುಡುಗ ಒಳಗೆ ಬರ್ತಾನೆ. ಜಡ್ಜ್ ಎದ್ದು ಹೋಗ್ತಾನೆ.

ಹಾಡದೇ ಇದ್ದಿದ್ದರೆ ಅವನು ಅಲ್ಲೇ ಮುಗಿಸಿಬಿಡ್ತಿದ್ದ! ಸೇಡಿನ ರುಚಿ ಸ್ವಲ್ಪ ಹೊತ್ತು ನಾಲಗೆ ಮೇಲೆ ಇರಲಿ ಅಂತ ಹಾಡಿದ, ಬೇಟೆ ಕೈತಪ್ಪಿತು. ಅಲ್ಲಿಂದಾಚೆಗೆ ಅವನ ತಲೆ ಕೆಡುತ್ತೆ. ಜಡ್ಜ್ ಸಿಗದಿದ್ದರೆ ಊರೇ ಸಾಯಲಿ ಅಂತಾನೆ. ಮುಂದೆ ಬೀಳೋ ಅಷ್ಟೂ ಹೆಣ ಆ ಒಂದು ಹಾಡಿನ ಲೆಕ್ಕಕ್ಕೆ. ಇಂಥ ಕಡೆ ನನ್ನ ಹಿಂದಿನ ಸಾಲಿಂದ ಒಂದು ದನಿ ಬಂತು: "ಏ, ಇಬ್ರೂ ಡ್ಯುಯೆಟ್ ಶುರು ಹಚ್ಕೊಂಡ್ರಲ್ಲೋ!" ಗೊಳ್ಳಂತ ನಗು.

ಮಗಳನ್ನ ನೆನೆದು ಹಾಡುವ ಹಾಡಿನಲ್ಲೂ ನಕ್ಕರು. ಅದರಲ್ಲಿ ಒಬ್ಬರಾದ ಮೇಲೆ ಒಬ್ಬರು ಗಿರಾಕಿ ಬರ್ತಾರೆ, ಕುತ್ತಿಗೆ ಹೋಗುತ್ತೆ, ಕುರ್ಚಿ ಮಗುಚುತ್ತೆ, ಹೆಣ ನೆಲಮಾಳಿಗೆಗೆ ಧೊಪ್ಪಂತ ಬೀಳುತ್ತೆ. ಹಾಡ್ತಿರೋದು ಮಾತ್ರ ಜೋಗುಳದ ಹಾಗೆ ಮೆತ್ತಗೆ. ನಡುವೆ ಒಬ್ಬ ಗಿರಾಕಿ ಹೆಂಡತಿ ಮಗು ಕರಕೊಂಡು ಬರ್ತಾನೆ. ಅವನಿಗೆ ಬರೀ ಗಡ್ಡ ಬೋಳಿಸಿ ಕಳಿಸ್ತಾನೆ. ಆ ಮಗು ಅಲ್ಲೇ ಕೂತು ನೋಡ್ತಿರುತ್ತೆ. ಅದನ್ನ ನಮ್ಮ ಪೈಕಿ ಎಷ್ಟು ಜನ ನೋಡಿದರೋ. ಬಹಳ ಜನ ಆಗ ಮೊಬೈಲ್ ನೋಡ್ತಿದ್ದರು.

ನಗಬೇಕಾದ ಜಾಗ ಇಲ್ಲ ಅಂತಲ್ಲ. ಇದೆ. ಕ್ಷೌರಿಕ, ಮಿಸೆಸ್ ಲವೆಟ್ ಇಬ್ಬರೂ ಕಿಟಕಿಯಲ್ಲಿ ನಿಂತು ದಾರಿಯಲ್ಲಿ ಹೋಗೋರನ್ನ ನೋಡ್ತಾ, ಪಾದ್ರಿ ಮಾಂಸದ ರುಚಿ ಹೆಂಗೆ, ವಕೀಲನದು ಹೆಂಗೆ ಅಂತ ಲೆಕ್ಕ ಹಾಕೋ ಹಾಡು. ನಾಟಕದಲ್ಲಿ ಮೊದಲ ಅಂಕ ಮುಗಿಯೋದೇ ಅದರಲ್ಲಿ, ಹೊಟ್ಟೆ ಹಿಡಿದು ನಗೋಕೆ ಅಂತಲೇ ಬರೆದಿದ್ದು. ಅಲ್ಲಿ ನಮ್ಮವರು ಮುಖ ಸಿಂಡರಿಸಿಕೊಂಡು ಕಲ್ಲಿನ ಹಾಗೆ ಕೂತಿದ್ದರು. ಏನು ಹೇಳೋದು.

ಸಿನಿಮಾ ಮುಗಿದ ಮೇಲೆ ಸೂಪರ್ ಮಾರ್ಕೆಟ್ ಕಡೆ ಚಹಾ ಕುಡೀತಾ ನಿಂತಾಗ ಒಬ್ಬರು ಸಮಾಧಾನ ಹೇಳಿದರು. "ನೋಡಪ್ಪಾ, ಅದು ಅವರ ಸಂಸ್ಕೃತಿ. ನಮ್ಮ ಕಡೆ ಜನಕ್ಕೆ ಇದು ಹತ್ತಂಗಿಲ್ಲ."

ನಮ್ಮ ಕಡೆ ಜನಕ್ಕಾ? ಸ್ವಾಮಿ, ನಾನು ಆಳಂದ ತಾಲೂಕಿನ ಹಳ್ಳಿಯವನು. ನಮ್ಮೂರಲ್ಲಿ ಮೊಹರಂ ಬಂದ್ರೆ ರಾತ್ರಿಯಿಡೀ ಅಲಾಯಿ ಕುಣಿ, ಅಂದ್ರೆ ಬೆಂಕಿ ಹಾಕೋ ಗುಂಡಿ, ಅದರ ಸುತ್ತ ರಿವಾಯತ್ ಪದ. ಹಾಡೋರಲ್ಲಿ ಲಿಂಗ ಕಟ್ಟಿದವರಿದ್ದರು, ಕುರುಬರಿದ್ದರು, ಹೊಲೆಯರಿದ್ದರು, ಸಾಬರಿದ್ದರು. ಹಾಡ್ತಿದ್ದಿದ್ದು ಏನು? ಕರ್ಬಲಾ, ಪ್ರವಾದಿ ಮೊಮ್ಮಗ ಹುಸೇನರು ಸತ್ತ ಯುದ್ಧ. ನೀರಿಲ್ಲದೆ ಒಣಗಿದ ಗಂಟಲು, ಕೂಸಿನ ಕೊರಳಿಗೆ ನೆಟ್ಟ ಬಾಣ, ಮದುಮಗನಾಗಿಯೇ ಯುದ್ಧಕ್ಕೆ ಹೋಗಿ ಸತ್ತ ಕಾಸೀಮ, ಹುಸೇನರ ರುಂಡ. ಎಲ್ಲ ಕನ್ನಡದಲ್ಲಿ, ಎಲ್ಲ ರಾಗದಲ್ಲಿ, ಕಾಲಲ್ಲಿ ಹೆಜ್ಜೆ ಹಾಕ್ತಾ. ಅದು ಭಕ್ತಿ, ಇದು ಸಿನಿಮಾ, ಎರಡನ್ನೂ ಒಂದೇ ಅಂತ ನಾನು ಹೇಳ್ತಾ ಇಲ್ಲ. ಆದರೆ ರಕ್ತದ ಕತೆಯನ್ನ ಹಾಡಿ ಹೇಳೋದು ಹೆಂಗೆ ಅಂತ ನಮಗೆ ಲಂಡನ್ನಿನವರು ಕಲಿಸಬೇಕಾ? ಬೆಳಗಿನ ಜಾವ ಆ ಪದ ಕೇಳಿ ನಮ್ಮಜ್ಜಿ ಸೆರಗಲ್ಲಿ ಕಣ್ಣು ಒರೆಸಿಕೊಳ್ತಿದ್ದಳು. "ಸಾಯೋರ ಬಗ್ಗೆ ಯಾಕ ಹಾಡ್ತಾರ" ಅಂತ ಒಂದು ದಿನವೂ ಕೇಳಲಿಲ್ಲ.

ದೊಡ್ಡಾಟದ ಮಾತು ಬೇರೆ ಹೇಳಬೇಕಾ? ನಮ್ಮ ಕಾಕಾ ದುಶ್ಯಾಸನ ಮಾಡ್ತಿದ್ದ. ಭೀಮ ಎದೆ ಬಗೆಯೋ ಮುಂಚೆ ಇಬ್ಬರೂ ಕುಣೀತಾ, ಪದ ಹೇಳ್ತಾ, ಒಬ್ಬರ ಮೇಲೊಬ್ಬರು ಏರಿ ಹೋಗೋರು. ಹಿಮ್ಮೇಳ ಏರುತ್ತಿತ್ತು. ಕಾಕಾನ ಅಂಗಿಯೊಳಗೆ ಕುಂಕುಮದ ನೀರಲ್ಲಿ ಅದ್ದಿದ ಬಟ್ಟೆ ಮಡಚಿ ಇಟ್ಟಿರೋರು. ಭೀಮ ಅದನ್ನ ಎಳೆದು ಬಾಯಿಗೆ ಇಟ್ಟುಕೊಂಡಾಗ ಕೆಂಪು ನೀರು ಅವನ ಗದ್ದದಿಂದ ಎದೆಗೆ ಇಳೀತಿತ್ತು. ಬಟ್ಟೆ ಅಂತ ನಮಗೆಲ್ಲ ಗೊತ್ತು, ಮಧ್ಯಾಹ್ನ ಕಾಕಿಯೇ ಅದನ್ನ ನೆನೆಸಿಟ್ಟಿದ್ದು ಕಣ್ಣಾರೆ ನೋಡಿದ್ದೀವಿ. ಆದರೂ ಮೈ ಜುಂ ಅನ್ನೋದು. ಸಂಗ್ಯಾ ಬಾಳ್ಯಾ ಅಂತೂ ಬೈಲಹೊಂಗಲ ಕಡೆ ನಡೆದ ಕೊಲೆಯನ್ನೇ ಹಾಡಿಗೆ ಹಾಕಿದ ಸಣ್ಣಾಟ. ಹಳೇ ಕಂಪನಿ ನಾಟಕದಲ್ಲಿ ಸತ್ತು ಬಿದ್ದ ನಟನಿಗೂ ಜನ ಒನ್ಸ್ ಮೋರ್ ಅಂತಿದ್ದರಂತೆ, ಅವನು ಎದ್ದು ಹಾಡಿ ಮತ್ತೆ ಸಾಯ್ತಿದ್ದನಂತೆ. ಅಂಥ ಜನರ ಮೊಮ್ಮಕ್ಕಳು ನಾವು. ಈಗ ನಮಗೆ ನೈಜತೆ ಬೇಕಂತೆ.

ಒಂದು ಮಾತು ಮಾತ್ರ ಒಪ್ಪುತ್ತೀನಿ. ನಾಟಕದಲ್ಲಿ ಹಿಮ್ಮೇಳ ಇದೆ. ಜನರ ಒಂದು ಗುಂಪು ಶುರುವಲ್ಲೇ ಬಂದು ಸ್ವೀನಿ ಟಾಡ್‌ನ ಕತೆ ಕೇಳಿ ಅಂತ ಹಾಡುತ್ತೆ, ನಡುನಡುವೆ ಬರುತ್ತೆ, ಕೊನೆಗೂ ಬರುತ್ತೆ. ಅದರ ರಾಗದಲ್ಲಿ ಚರ್ಚಿನ ಹಳೇ ಸಾವಿನ ಸ್ತೋತ್ರದ ಎಳೆ ಇದೆ. ಬರ್ಟನ್ ಆ ಗುಂಪನ್ನೇ ತೆಗೆದು ಹಾಕಿದ. ಶುರುವಲ್ಲಿ ಹೆಸರು ತೋರಿಸುವಾಗ ಆರ್ಗನ್ ಮೇಲೆ ರಾಗ ಬರುತ್ತೆ, ಬಾಯಿ ಇಲ್ಲ. ಹಿಮ್ಮೇಳ ಇದ್ದಿದ್ದರೆ ಇದು ಹಾಡಿನ ಲೋಕ ಅಂತ ಮೊದಲ ನಿಮಿಷದಲ್ಲೇ ನಮ್ಮವರಿಗೆ ಹೊಳೀತಿತ್ತೋ ಏನೋ. ಜೊತೆಗೆ ಡೆಪ್ ಹಾಡುಗಾರನಲ್ಲ. ಗೊಣಗೋ ದನಿ. ಕಂಪನಿ ನಾಟಕದವರಾಗಿದ್ದರೆ ಅವನನ್ನ ಬಾಗಿಲು ಕಾಯೋಕೆ ಇಡೋರು. ಆದರೆ ಆ ಪಾತ್ರಕ್ಕೆ ಆ ಗೊಣಗೇ ಸರಿ ಅಂತ ನನಗನ್ಸುತ್ತೆ. ಸಾಂಡ್‌ಹೈಮ್ ಸಾಹೇಬರೇ ಒಪ್ಪಿದ್ದರು, ನಮ್ಮದೇನು ತಕರಾರು. ಇಂಗ್ಲಿಷ್ ಹಾಡು, ಸಬ್‌ಟೈಟಲ್ ಓಡುತ್ತೆ ಅನ್ನೋ ನೆಪ ಮಾತ್ರ ಬೇಡ. ಕೊರಿಯಾದ ಧಾರಾವಾಹಿಯನ್ನ ರಾತ್ರಿ ಎರಡು ಗಂಟೆ ತನಕ ಸಬ್‌ಟೈಟಲ್ ಓದಿಕೊಂಡು ನೋಡೋರು ಯಾರು ಅಂತ ನನಗೆ ಗೊತ್ತಿದೆ.

ಇಷ್ಟು ಉರಿದುಕೊಳ್ಳೋದು ಯಾಕೆ ಅಂತ ಮನೆಯಲ್ಲೂ ಕೇಳಿದರು. ಹೇಳಿಬಿಡ್ತೀನಿ. ನಮ್ಮ ಹೊಲದ ಕೇಸು ನಿಮ್ಮಲ್ಲಿ ಹಲವರಿಗೆ ಗೊತ್ತು. ಅಪ್ಪ ತೀರಿಹೋದರು, ಕೇಸು ಇನ್ನೂ ಬದುಕಿದೆ. ಯಾರು ಕಾಗದ ತಿದ್ದಿಸಿದರು ಅಂತ ಊರಿಗೇ ಗೊತ್ತು. ಆ ಮನುಷ್ಯ ಎದುರಿಗೆ ಬಂದ್ರೆ "ಆರಾಮ ಅದೀರೇನ್ರಿ" ಅಂತ ನಗ್ತಾ ಕೇಳ್ತಾನೆ, ನಾನೂ ನಗ್ತಾ "ಆರಾಮ್ರಿ" ಅಂತೀನಿ. ಎಷ್ಟೋ ರಾತ್ರಿ ನಿದ್ದೆ ಬಾರದೆ ಮನಸ್ಸಿನಲ್ಲೇ ಅವನನ್ನ ಏನೇನೋ ಮಾಡಿದ್ದೀನಿ. ಆ ಕ್ಷೌರಿಕ ಹಳೇ ಪೆಟ್ಟಿಗೆ ತೆಗೆದು, ಬೆಳ್ಳಿ ಹಿಡಿಯ ಕತ್ತಿಗಳನ್ನ ಬೆಳಕಿಗೆ ಹಿಡಿದು, ಕಳೆದುಹೋದ ಗೆಳೆಯರು ಸಿಕ್ಕ ಹಾಗೆ ಅವುಗಳ ಜೊತೆ ಹಾಡ್ತಾನಲ್ಲ, ಅಲ್ಲಿ ನನಗೆ ನಗು ಬರಲಿಲ್ಲ. ಆ ಹಾಡು ನನಗೆ ಗೊತ್ತು ಅನ್ನಿಸಿತು. ಇಂಥ ಸಿಟ್ಟು ಮಾತಲ್ಲಿ ಹೇಳೋಕೆ ಬರಲ್ಲ. ಮಾತಲ್ಲಿ ಹೇಳಿದರೆ ಪೊಲೀಸ್ ಕಂಪ್ಲೇಂಟ್ ಥರ ಇರುತ್ತೆ.

ಇನ್ನೊಂದು ವಿಷಯ. 1973ರಲ್ಲಿ ಕ್ರಿಸ್ಟೊಫರ್ ಬಾಂಡ್ ಅನ್ನೋರು ಈ ಕತೆಯನ್ನ ಹೊಸದಾಗಿ ನಾಟಕ ಮಾಡಿದರು. ಅಲ್ಲಿ ತನಕ ಸ್ವೀನಿ ಟಾಡ್ ದುಡ್ಡಿಗೆ ಕೊಲ್ಲೋ ಬರೀ ರಾಕ್ಷಸ. ಬಾಂಡ್ ಅವನಿಗೊಂದು ಹೆಂಡತಿ, ಒಂದು ಮಗಳು, ಒಂದು ಅನ್ಯಾಯ ಕೊಟ್ಟರು. ಆ ನಾಟಕ ಲಂಡನ್ನಿನಲ್ಲಿ ನೋಡಿಯೇ ಸಾಂಡ್‌ಹೈಮ್ ಇದಕ್ಕೆ ಸಂಗೀತ ಹಾಕಬೇಕು ಅಂದುಕೊಂಡಿದ್ದು. ಅನ್ಯಾಯ ಆದವನ ಕೈಗೆ ಕತ್ತಿ ಬಂದ ಮೇಲೇ ಕತೆಗೆ ರಾಗ ಬಂತು. ಅನ್ಯಾಯ ಆದವನು ಅಂತ ಅವನನ್ನ ಬಿಟ್ಟೂ ಇಲ್ಲ. ಕೊನೆಯಲ್ಲಿ ಅವಸರಕ್ಕೆ ಅಡ್ಡ ಬಂದ ಭಿಕ್ಷುಕಿಯನ್ನ ಮುಖವೂ ನೋಡದೆ ಕೊಯ್ದುಬಿಡ್ತಾನೆ. ಆಮೇಲೆ ನೋಡ್ತಾನೆ. ಅವಳು ವಿಷ ಕುಡಿದಿದ್ದಳು, ಸತ್ತಿರಲಿಲ್ಲ. ನನ್ನ ಪಕ್ಕದ ಕುರ್ಚಿಯವರು ಆ ಹೊತ್ತಿಗೆ ಬೈಕ್ ಕೀ ಹುಡುಕ್ತಿದ್ದರು.

ಅರ್ಧಕ್ಕೆ ಎದ್ದು ಹೋದ ಒಬ್ಬ ಗೆಳೆಯ ಇವತ್ತು ಬೆಳಿಗ್ಗೆ ಫೋನ್ ಮಾಡಿದ್ದ. ನಿನ್ನೆ ಬಾಗಿಲ ತನಕ ಹೋಗಿ "ಭಜನಾ ಮುಗದ ಮ್ಯಾಲ ಹೇಳು" ಅಂತ ಕೂಗಿ ಹೋದವನು ಇವನೇ. ಅದೂ ಇದೂ ಮಾತಾಡಿದ. ಬಿಸಿಲಿನ ಬಗ್ಗೆ, ಕರೆಂಟಿನ ಬಗ್ಗೆ. ಕೊನೆಗೆ ಮೆಲ್ಲಗೆ ಕೇಳಿದ, "ಅಲ್ಲೋ, ಆ ಹುಚ್ಚಿ ಇದ್ದಳಲ್ಲ, ಅವನ ಮುಖ ನೋಡಿ ನಿನ್ನ ಗುರ್ತ ಐತಿ ಅಂತಿದ್ದಳಲ್ಲ, ಆಕಿ ಯಾರು?"

ನಾನು ಹೇಳಲಿಲ್ಲ. ಹಾಡು ಕೇಳಿಕೊಂಡು ಕೂತಿದ್ದರೆ ಗೊತ್ತಾಗ್ತಿತ್ತು ಅಂದೆ. ಬೈದು ಫೋನ್ ಇಟ್ಟ. ನೀವ್ಯಾರೂ ಅವನಿಗೆ ಹೇಳಬೇಡಿ. ಇಲ್ಲಿ ಬರೆದಿರೋದನ್ನ ಅವನು ಓದ್ತಾನೆ ಅನ್ನೋ ಭಯ ನನಗಿಲ್ಲ. ಮೂರು ಸಾಲಿಗಿಂತ ಉದ್ದ ಇದ್ದರೆ ಅವನು ಅಲ್ಲೂ ಎದ್ದು ಹೋಗ್ತಾನೆ.