ಮಾಡದ ವಿದೇಶಿ ಕರೆಗೆ ಹಣ ಕಟ್ಟುವ ಮುನ್ನ

ಮೊಬೈಲ್ ಬಿಲ್ಲಿನಲ್ಲಿ ನಾವು ಮಾಡಿಯೇ ಇಲ್ಲದ ವಿದೇಶಿ ಕರೆಯೊಂದು ಕಾಣಿಸಿಕೊಂಡು, ಅದನ್ನು ವಿಚಾರಿಸಲು ಗ್ರಾಹಕ ಸೇವಾ ಕೇಂದ್ರಕ್ಕೆ ಫೋನ್ ಮಾಡಿದರೆ ಸಿಗುವ ಮೊದಲ ಉತ್ತರ ಬಹುಮಟ್ಟಿಗೆ ಒಂದೇ: ‘ನಿಮ್ಮ ನಂಬರಿನಿಂದಲೇ ಕರೆ ಹೋಗಿದೆ ಅಂತ ಸಿಸ್ಟಮ್‌ನಲ್ಲಿ ತೋರಿಸ್ತಾ ಇದೆ.’ ಅಲ್ಲಿಗೆ ಮಾತು ಮುಗಿಯಿತೆಂದು ಭಾವಿಸಿ ಅನೇಕರು ಹಣ ಕಟ್ಟಿಬಿಡುತ್ತಾರೆ. ಹಾಗೆ ಕಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಂಬರಿನ ಲೆಕ್ಕದಲ್ಲಿ ಕರೆ ದಾಖಲಾಗುವುದು ಬೇರೆ, ಆ ನಂಬರಿನ ಒಡೆಯರು ಕರೆ ಮಾಡುವುದು ಬೇರೆ. ಹಣ ಕೇಳುವವರೇ ಎರಡನೆಯದನ್ನು ತೋರಿಸಿಕೊಡಬೇಕು.

ಕೈಯಿಂದ ಒಂದು ಅಂಕಿಯನ್ನೂ ಒತ್ತದೆ ವಿದೇಶಿ ಕರೆ ಹೇಗೆ ದಾಖಲಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನೀವು ಬೇರೆ ದೇಶದಲ್ಲಿದ್ದೀರಿ, ಫೋನು ಚೀಲದಲ್ಲಿದೆ, ಮನೆಯವರು ಕರೆ ಮಾಡುತ್ತಾರೆ ಎಂದುಕೊಳ್ಳಿ. ಆ ಕರೆ ನಿಮ್ಮನ್ನು ಹುಡುಕಿಕೊಂಡು ನೀವಿರುವ ದೇಶದ ನೆಟ್‌ವರ್ಕಿಗೆ ಬರುತ್ತದೆ. ನೀವು ಎತ್ತಲಿಲ್ಲವೆಂದರೆ, ಎತ್ತದ ಕರೆಗಳು ವಾಯ್ಸ್‌ಮೇಲ್‌ಗೆ ಫಾರ್ವರ್ಡ್ ಆಗುವ ಸೆಟ್ಟಿಂಗ್ ನಿಮ್ಮ ಸಂಪರ್ಕದಲ್ಲಿದ್ದರೆ, ಕರೆ ಮಾಡಿದವರ ಸಂದೇಶ ದಾಖಲಿಸಿಕೊಳ್ಳುವ ಆ ವ್ಯವಸ್ಥೆ ಸ್ವದೇಶದ ಕಂಪನಿಯಲ್ಲಿರುವುದರಿಂದ, ಅದೇ ಕರೆ ಗಡಿ ದಾಟಿ ಸ್ವದೇಶಕ್ಕೇ ಹಿಂತಿರುಗುತ್ತದೆ. ಹೋಗುವ ದಾರಿಗೆ ರೋಮಿಂಗ್‌ನ ಒಳಬರುವ ಕರೆಯ ದರ, ಮರಳುವ ದಾರಿಗೆ ಅಂತರರಾಷ್ಟ್ರೀಯ ಹೊರಹೋಗುವ ಕರೆಯ ದರ, ಹೀಗೆ ಎರಡು ಸಾಲುಗಳು ಬಿಲ್ಲಿಗೆ ಸೇರಬಹುದು. ನಿಮ್ಮ ಫೋನಿನಲ್ಲಿ ಉಳಿಯುವುದು ಒಂದು ಮಿಸ್ಡ್ ಕಾಲ್ ಮಾತ್ರ. ಮಾತನಾಡದ ಕರೆಗೆ ಎರಡು ಬಾರಿ ಶುಲ್ಕ ವಿಧಿಸುವುದು ತಾಂತ್ರಿಕವಾಗಿ ಸರಿಯಿರಬಹುದು, ನ್ಯಾಯವಾಗಿ ಸರಿಯಲ್ಲ.

ಫಾರ್ವರ್ಡಿಂಗ್‌ನ ಇನ್ನೊಂದು ಮುಖ ಇದಕ್ಕಿಂತ ಕೆಟ್ಟದ್ದು. ಅಪರಿಚಿತರು ಏನೋ ನೆಪ ಹೇಳಿ *21* ಎಂದು ಆರಂಭವಾಗುವ ಕೋಡ್ ಒಂದನ್ನು ಡಯಲ್ ಮಾಡಿಸಿದರೆ, ನಿಮಗೆ ಬರುವ ಕರೆಗಳೆಲ್ಲ ಅವರು ಕೊಟ್ಟ ನಂಬರಿಗೆ ತಿರುಗಿಕೊಳ್ಳುತ್ತವೆ. ಅದು ವಿದೇಶಿ ನಂಬರಾಗಿದ್ದರೆ, ಅಲ್ಲಿಯವರೆಗಿನ ಖರ್ಚು ನಿಮ್ಮ ತಲೆಯ ಮೇಲೆ ಬೀಳುತ್ತದೆ. *#21# ಒತ್ತಿದರೆ ಎಲ್ಲ ಕರೆಗಳ ಫಾರ್ವರ್ಡಿಂಗ್ ಸಕ್ರಿಯವಾಗಿದೆಯೇ ಎಂಬುದು ತಿಳಿಯುತ್ತದೆ. ##002# ಒತ್ತಿದರೆ ಸಾಮಾನ್ಯವಾಗಿ ಎಲ್ಲ ಬಗೆಯ ಫಾರ್ವರ್ಡಿಂಗ್ ರದ್ದಾಗುತ್ತದೆ.

ಒಂದೇ ರಿಂಗಿಗೆ ಕಡಿದುಹೋಗುವ ಕರೆಗಳ ಮೋಸವನ್ನು ಬಹುತೇಕ ಎಲ್ಲರೂ ಕೇಳಿದ್ದಾರೆ. ಮರಳಿ ಕರೆ ಮಾಡಿದವರ ಶುಲ್ಕದಲ್ಲಿ ಒಂದು ಪಾಲು ಆ ನಂಬರನ್ನು ಇಟ್ಟುಕೊಂಡವರಿಗೆ ಸೇರುತ್ತದೆ. ಇಲ್ಲಿ ಕರೆ ಮಾಡಿದ್ದು ಗ್ರಾಹಕರೇ ಆದರೂ ಎಲ್ಲ ಹೊಣೆಯನ್ನು ಅವರ ಮೇಲೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. +1 ಎಂದು ಕಂಡೊಡನೆ ಅಮೆರಿಕ ಎಂದುಕೊಳ್ಳುತ್ತೇವೆ, ಆದರೆ +1 876 ಜಮೈಕಾ, +1 473 ಗ್ರೆನೆಡಾ. +881 ಯಾವ ದೇಶವೂ ಅಲ್ಲ, ಅದು ಉಪಗ್ರಹ ಫೋನುಗಳ ಸಂಕೇತ. ಕರೆ ಸೇರುವ ಮೊದಲು ನಿಮಿಷದ ದರವನ್ನು ತಿಳಿಸುವುದು ಕಂಪನಿಗಳಿಗೆ ಅಸಾಧ್ಯವಾದ ಕೆಲಸವೇನೂ ಅಲ್ಲ.

ಈ ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುವುದು ಮುಂದಿನ ಸಂಗತಿಗೆ. ರೋಮಿಂಗ್ ವಂಚನೆಯಿಂದ ತಮಗೆ ನಷ್ಟವಾಗಬಾರದೆಂದು ಮೊಬೈಲ್ ಕಂಪನಿಗಳು ತಮ್ಮತಮ್ಮಲ್ಲೇ ಒಂದು ವ್ಯವಸ್ಥೆ ಮಾಡಿಕೊಂಡಿವೆ. ಕರೆ ಮುಗಿದ 4 ಗಂಟೆಗಳೊಳಗೆ ಅದರ ವಿವರ ಗ್ರಾಹಕರ ಮೂಲ ಕಂಪನಿಗೆ ತಲುಪಬೇಕು ಎಂಬುದು ಆ ವ್ಯವಸ್ಥೆಯ ಗುರಿ. ತಮ್ಮ ಹಣದ ವಿಷಯದಲ್ಲಿ ಇಷ್ಟು ಎಚ್ಚರವಾಗಿರುವವರು, ಎಂದೂ ವಿದೇಶಕ್ಕೆ ಕರೆ ಮಾಡದ ಗ್ರಾಹಕರ ಲೆಕ್ಕದಲ್ಲಿ ನಡುರಾತ್ರಿ ಸಾಲುಸಾಲಾಗಿ ವಿದೇಶಿ ಕರೆಗಳು ಬೀಳುತ್ತಿರುವಾಗ ಒಂದು ಎಸ್ಎಂಎಸ್ ಕೂಡ ಕಳಿಸದೆ ತಿಂಗಳ ಕೊನೆಗೆ ಪೂರ್ತಿ ಮೊತ್ತ ಕೇಳುವುದನ್ನು ಯಾವ ನ್ಯಾಯ ಎನ್ನಬೇಕು?

ಆದ್ದರಿಂದ ತಕರಾರನ್ನು ಮಾತಿನಲ್ಲಿ ಮುಗಿಸದೆ ಬರಹದಲ್ಲಿ ಸಲ್ಲಿಸಿ, ದೂರು ಸಂಖ್ಯೆ ಪಡೆದುಕೊಳ್ಳಿ. ‘ನಾನು ಕರೆ ಮಾಡಿಲ್ಲ’ ಎಂದಷ್ಟೇ ಬರೆದರೆ ಮತ್ತದೇ ಸಿಸ್ಟಮ್ಮಿನ ಉತ್ತರ ಬರುತ್ತದೆ. ಬದಲಿಗೆ ಆ ಸಾಲಿನ ಪೂರ್ಣ ಕರೆ ದಾಖಲೆಯನ್ನೇ ಕೇಳಿ: ಕರೆ ಸೇರಿದ ನಂಬರು ಯಾವುದು, ಯಾವ ನೆಟ್‌ವರ್ಕಿನ ಮೂಲಕ ಹೋಯಿತು, ಎಷ್ಟು ಸೆಕೆಂಡು ನಡೆಯಿತು, ನೇರವಾಗಿ ಡಯಲ್ ಆದದ್ದೋ ಫಾರ್ವರ್ಡ್ ಆದದ್ದೋ, ನಮೂದಿಸಿರುವ ಸಮಯ ಯಾವ ದೇಶದ್ದು. ಸಮಯದ ಪ್ರಶ್ನೆಯನ್ನು ಬಿಡಬೇಡಿ. ರೋಮಿಂಗ್ ಕರೆಗಳಿಗೆ ಅಲ್ಲಿನ ಸ್ಥಳೀಯ ಸಮಯ ಹಾಕಿದ್ದರೆ, ನಿಮ್ಮ ಫೋನಿನ ಪಟ್ಟಿಯೊಂದಿಗೆ ಅದು ತಾಳೆಯಾಗುವುದೇ ಇಲ್ಲ. ಫೋನಿನ ಕರೆ ಪಟ್ಟಿಯಲ್ಲಿ ಹಳೆಯ ಕರೆಗಳು ಅಳಿಸಿಹೋಗುವ ಮುನ್ನ ಸ್ಕ್ರೀನ್‌ಶಾಟ್ ತೆಗೆದು ದೂರಿಗೆ ಲಗತ್ತಿಸಿ. ಇಡೀ ಬಿಲ್ಲನ್ನು ತಡೆಹಿಡಿದರೆ ಬಾಕಿದಾರರೆಂದು ಸಂಪರ್ಕ ಕಡಿಯುವ ನೆಪ ಅವರಿಗೆ ಸಿಗುತ್ತದೆ. ತಕರಾರಿಲ್ಲದ ಭಾಗವನ್ನು ಗಡುವಿನೊಳಗೆ ಕಟ್ಟಿ, ಉಳಿದದ್ದು ವಿವಾದದಲ್ಲಿದೆ ಎಂದು ಅದೇ ಪತ್ರದಲ್ಲಿ ಸ್ಪಷ್ಟಪಡಿಸಿ. ಜೊತೆಗೆ ಐಎಸ್‌ಡಿ ಸೌಲಭ್ಯವನ್ನೂ ಬಂದ್ ಮಾಡಿಸಿ, ಇಲ್ಲವಾದರೆ ದೂರು ಇತ್ಯರ್ಥವಾಗುವಷ್ಟರಲ್ಲಿ ಮುಂದಿನ ಬಿಲ್ಲಿನಲ್ಲೂ ಅದೇ ಸಾಲುಗಳು ಕಾಣಿಸಬಹುದು.

ಕಂಪನಿ ಮಣಿದು ಶುಲ್ಕ ಹಿಂತಿರುಗಿಸುವಾಗ ಕೆಲವೊಮ್ಮೆ ಕರೆಯ ಮೊತ್ತವನ್ನಷ್ಟೇ ಕಳೆದು, ಅದರ ಮೇಲಿನ ತೆರಿಗೆಯನ್ನೂ ವಿಳಂಬ ಶುಲ್ಕವನ್ನೂ ಹಾಗೆಯೇ ಉಳಿಸಿರುವ ಸಾಧ್ಯತೆಯಿದೆ. ಪರಿಷ್ಕೃತ ಬಿಲ್ಲು ಕೈಗೆ ಬಂದ ಮೇಲೆ ಆ ಎರಡು ಸಾಲುಗಳನ್ನು ನೋಡಿಕೊಂಡೇ ದೂರನ್ನು ಮುಕ್ತಾಯಗೊಳಿಸಲು ಒಪ್ಪಿಗೆ ಕೊಡಿ.