ಮರೆವು ಅನ್ನುವ ಮೊದಲು ಕಿವಿ ತೋರಿಸಿ

"ಸಾರು ಹಾಕಲಾ ಅಪ್ಪಯ್ಯ?" ಅಂತ ಕೇಳಿದೆ. "ಯಾರು ಬಂದದ್ದು?" ಅಂತ ಬಾಗಿಲ ಕಡೆ ನೋಡಿದರು. ಮಕ್ಕಳು ನಕ್ಕರು. ನನಗೆ ಎದೆ ಧಸಕ್ಕೆಂದಿತು.

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಒಂದು ವರ್ಷದಿಂದ ಹೀಗೇ ನಡೆದಿತ್ತು. ಮಾಟುಂಗದಲ್ಲಿ ತಾಳಮದ್ದಳೆ ಅಂದರೆ ಸ್ಲೋ ಲೋಕಲ್ ಹಿಡಿದು ಹೊರಡುತ್ತಿದ್ದವರು ಅಪ್ಪಯ್ಯ. ಒಮ್ಮೆ ಎದುರಿನ ಅರ್ಥಧಾರಿ, ಅಂದರೆ ಇನ್ನೊಂದು ಪಾತ್ರದ ಮಾತಾಡುವವರು, ಕೇಳಿದ್ದೇ ಒಂದು, ಇವರು ಹೇಳಿದ್ದೇ ಒಂದು. ಸಭೆಯಲ್ಲಿ ಯಾರೋ ನಕ್ಕರಂತೆ. ಆಮೇಲೆ ಹೋಗಲೇ ಇಲ್ಲ. "ಅರಳು ಮರಳು ಶುರುವಾಯ್ತು" ಅಂದರು ನೆಂಟರು. ಒಬ್ಬ ಡಾಕ್ಟರು ಮಾಸ್ಕ್ ಹಾಕಿಕೊಂಡೇ ಮೆಲ್ಲಗೆ ಮೂರು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಕೇಳಿದರು. ಅಪ್ಪಯ್ಯ ಸುಮ್ನೆ ಕೂತರು. ಆ ಪದಗಳು ಕೇಳಿಸಿದವಾ ಅಂತ ಯಾರೂ ಕೇಳಲಿಲ್ಲ. ಪಕ್ಕದಲ್ಲೇ ಇದ್ದ ನಾನೂ ಕೇಳಲಿಲ್ಲ.

ಕೊನೆಗೆ ಕಿವಿ ಪರೀಕ್ಷೆ ಮಾಡಿಸಿದಾಗ ವಿಷಯ ತಿಳಿಯಿತು. ವಯಸ್ಸಾದಂತೆ ಒಳಕಿವಿಯ ಕೂದಲಿನಂಥ ಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಕೀರಲು ಸದ್ದು. ಸ, ಶ, ತ ಥರದ ವ್ಯಂಜನ ಜಾರಿಹೋಗುತ್ತವೆ, ಸ್ವರ ಮಾತ್ರ ಉಳಿಯುತ್ತದೆ. ನಾವು ಮಾತಾಡಿದ್ದು ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಕಿರುಚಿದರೆ ಬರೀ ಗದರಿದ ಹಾಗೆ ಆಗುತ್ತದೆ ಅಷ್ಟೇ.

ಅಪ್ಪಯ್ಯನಿಗೆ ಮರೆವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕಿವುಡಿಗೂ ಮರೆವಿಗೂ ನಂಟಿದೆ, ಹೆದರಿಕೆ ಅದೇ. ಅರ್ಧ ಕೇಳಿದ ಮಾತನ್ನು ಜೋಡಿಸುವುದರಲ್ಲೇ ಮಿದುಳು ದಣಿಯುತ್ತದೆ. ಜನರ ಜೊತೆ ಬೆರೆಯುವುದು ನಿಲ್ಲುತ್ತದೆ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ 2024ರ ಆಯೋಗ ಡಿಮೆನ್ಷಿಯಾಕ್ಕೆ, ಅಂದರೆ ಮರೆವಿನ ಕಾಯಿಲೆಗೆ, ನಾವು ತಡೆಯಬಹುದಾದ 14 ಕಾರಣ ಪಟ್ಟಿ ಮಾಡಿದೆ. ಒಟ್ಟು ಡಿಮೆನ್ಷಿಯಾದಲ್ಲಿ ಕಿವುಡಿನ ಪಾಲು ಶೇಕಡ 7. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರನ್ನು ಮೂರು ವರ್ಷ ಗಮನಿಸಿದ ಅಚೀವ್ ಅಧ್ಯಯನ 2023ರಲ್ಲಿ ಬಂತು. ಕಿವಿಯ ಮಷೀನಿನಿಂದ ಎಲ್ಲರಿಗೂ ಲಾಭ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೆ ಮೊದಲೇ ಅಪಾಯ ಜಾಸ್ತಿ ಇದ್ದವರಲ್ಲಿ ಬುದ್ಧಿ ಮಂಕಾಗುವ ವೇಗ ಶೇಕಡ 48ರಷ್ಟು ತಗ್ಗಿತ್ತು. ಮಷೀನು ಹಾಕಿಸಲು ನನಗೆ ಅಷ್ಟು ಸಾಕಾಯ್ತು.

ನಲವತ್ತಕ್ಕೆ ಕನ್ನಡಕ ಹಾಕುವಾಗ ಇಲ್ಲದ ನಾಚಿಕೆ ಕಿವಿಗೆ ಯಾಕೆ ಹೇಳಿ? ಒಮ್ಮೊಮ್ಮೆ ಬರೀ ಗುಗ್ಗೆ ಕಟ್ಟಿರುತ್ತದೆ, ತೆಗೆದರೆ ಮುಗಿಯಿತು. ಪರೀಕ್ಷೆಗೆ ಬಾಂದ್ರಾ ರೆಕ್ಲಮೇಶನ್‌ನಲ್ಲಿ ಕೇಂದ್ರ ಸರ್ಕಾರದ ಅಲಿ ಯಾವರ್ ಜಂಗ್ ಸಂಸ್ಥೆಯೇ ಇದೆ. ಮಷೀನು ತಂದ ಮೇಲೂ ತಾಳ್ಮೆ ಬೇಕು. ಮೊದಲ ವಾರ ಫ್ಯಾನು, ಪಾತ್ರೆ, ನಲ್ಲಿ ಎಲ್ಲದರ ಸದ್ದೂ ತಲೆಗೆ ಬಡಿಯುತ್ತದೆ. ಅಪ್ಪಯ್ಯ ಎರಡು ಸಲ ಕಿತ್ತು ಡ್ರಾಯರಿಗೆ ಹಾಕಿದ್ದರು. ದಿನಕ್ಕೆ ಒಂದೊಂದು ಗಂಟೆ ಹೆಚ್ಚಿಸುತ್ತಾ ಬಂದೆವು.

ಕಳೆದ ಭಾನುವಾರ ಮಾಟುಂಗಕ್ಕೆ ಕರೆದುಕೊಂಡು ಹೋದೆ. ಅರ್ಥ ಹೇಳಲು ಇನ್ನೂ ಒಪ್ಪಿಲ್ಲ. ಮುಂದಿನ ಸಾಲಲ್ಲಿ ಕೂತು ಕೇಳಿದರು. ವಾಪಸ್ ಬರುವಾಗ ಲೋಕಲ್‌ನಲ್ಲಿ, "ಆ ಕೃಷ್ಣ ಕೊನೆಗೆ ಹೇಳಿದ್ದು ಸರಿಯಲ್ಲ" ಅಂತ ಠಾಣೆಯವರೆಗೂ ವಾದ ಮಾಡಿದರು.